ಕನಿಷ್ಠ ವೇತನ ಹೆಚ್ಚಳ: ಪರಿಷ್ಕರಣೆ ಬೇರೆ, ತುಟ್ಟಿಭತ್ಯೆ ಬೇರೆ

ಮಾರ್ಚ್ ಮುಗಿಯುತ್ತಿದ್ದಂತೆ ಸಣ್ಣ ಕೈಗಾರಿಕೆಗಳ ಮಾಲೀಕರ ಮತ್ತು ಸಂಬಳದ ಲೆಕ್ಕ ನೋಡಿಕೊಳ್ಳುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಏಪ್ರಿಲ್ 1ರಿಂದ ಕನಿಷ್ಠ ವೇತನ ಪರಿಷ್ಕರಣೆ, ಎಲ್ಲ ನೌಕರರಿಗೂ ಅನ್ವಯ’ ಎಂಬ ಒಕ್ಕಣೆಯ ಸಂದೇಶವೊಂದು ವರ್ಷವೂ ತಪ್ಪದೆ ಹರಿದಾಡುತ್ತದೆ. ಆ ಒಂದೇ ಸಾಲಿನಲ್ಲಿ ಎರಡು ತಪ್ಪುಗಳಿವೆ. ಏಪ್ರಿಲ್ 1ರಂದು ಕರ್ನಾಟಕದಲ್ಲಿ ಏರುವುದು ತುಟ್ಟಿಭತ್ಯೆ. ಪರಿಷ್ಕರಣೆ ಎಂಬುದು ಕಾನೂನಿನಲ್ಲಿ ಬೇರೆಯೇ ಪ್ರಕ್ರಿಯೆ. ಇನ್ನು ‘ಎಲ್ಲ ನೌಕರರಿಗೂ’ ಎಂಬ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಸುಪ್ರೀಂ ಕೋರ್ಟ್ 1999ರಲ್ಲೇ, ಅದೂ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ, ಇತ್ಯರ್ಥಪಡಿಸಿದೆ.

ಪರಿಷ್ಕರಣೆಯೆಂದರೆ ಮೂಲದರವನ್ನೇ ಹೊಸದಾಗಿ ನಿಗದಿಪಡಿಸುವುದು. 1948ರ ಕನಿಷ್ಠ ವೇತನ ಕಾಯ್ದೆಯಂತೆ ಸರ್ಕಾರವು ಐದು ವರ್ಷ ಮೀರದ ಅಂತರದಲ್ಲಿ ದರಗಳನ್ನು ಪುನರ್ವಿಮರ್ಶಿಸಬೇಕಿತ್ತು, ಮತ್ತು ಅದಕ್ಕಾಗಿ ಒಂದೋ ಸಮಿತಿಯನ್ನು ನೇಮಿಸಬೇಕಿತ್ತು, ಇಲ್ಲವೇ ರಾಜ್ಯಪತ್ರದಲ್ಲಿ ಕರಡು ಪ್ರಕಟಿಸಿ, ಆಕ್ಷೇಪಣೆಗಳಿಗೆ ಕನಿಷ್ಠ ಎರಡು ತಿಂಗಳು ಕಾದು, ಸಲಹಾ ಮಂಡಳಿಯ ಅಭಿಪ್ರಾಯ ಪಡೆದು, ಆಮೇಲೆ ಅಂತಿಮ ಅಧಿಸೂಚನೆ ಹೊರಡಿಸಬೇಕಿತ್ತು. ಕರಡಿನಲ್ಲಿರುವ ಅಂಕಿ ಯಾರನ್ನೂ ಬಂಧಿಸುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕರಡು ಅಧಿಸೂಚನೆ ಹೊರಡಿಸಿದಾಗ, ಅದರಲ್ಲಿದ್ದ ಮೊತ್ತಗಳನ್ನೇ ಜಾರಿಗೆ ಬಂದ ದರಗಳೆಂದು ಹಂಚಿದವರೂ ಇದ್ದರು, ಅವುಗಳನ್ನು ನೋಡಿ ಕಂಗಾಲಾದ ಮಾಲೀಕರೂ ಇದ್ದರು.

ತುಟ್ಟಿಭತ್ಯೆಗೆ ಇಷ್ಟೆಲ್ಲ ಮೆಟ್ಟಿಲುಗಳಿಲ್ಲ. ಅಂತಿಮ ಅಧಿಸೂಚನೆಯಲ್ಲೇ ಗ್ರಾಹಕ ಬೆಲೆ ಸೂಚ್ಯಂಕ ಇಂತಿಷ್ಟು ಅಂಶ ಮೀರಿದರೆ ಪ್ರತಿ ಅಂಶಕ್ಕೆ ದಿನಕ್ಕೆ ಇಷ್ಟು ಪೈಸೆ ಎಂದು ಬರೆದಿರುತ್ತದೆ. ಹಿಂದಿನ ವರ್ಷದ ಸೂಚ್ಯಂಕದ ಸರಾಸರಿಯನ್ನು ಹಿಡಿದು ಕಾರ್ಮಿಕ ಇಲಾಖೆ ಗುಣಾಕಾರ ಮಾಡಿ ಪ್ರಕಟಿಸುತ್ತದೆ. ಯಾರೂ ಹೊಸದಾಗಿ ಏನನ್ನೂ ದಯಪಾಲಿಸುತ್ತಿಲ್ಲ. ಬೆಲೆ ಏರಿಕೆ ತಿಂದುಹಾಕಿದ ಭಾಗವನ್ನಷ್ಟೇ ತಡವಾಗಿ ತುಂಬಿಕೊಡಲಾಗುತ್ತಿದೆ. ಇದನ್ನು ‘ಸರ್ಕಾರ ಕೊಟ್ಟ ಹೆಚ್ಚಳ’ ಎಂದು ಭಾವಿಸುವುದರಿಂದಲೇ ಸರ್ಕಾರ ಬೇಡವೆಂದರೆ ನಿಲ್ಲಿಸಬಹುದು ಎಂಬ ತರ್ಕವೂ ಹುಟ್ಟುತ್ತದೆ. 2020ರಲ್ಲಿ ನಡೆದದ್ದು ಅದೇ. ಕೋವಿಡ್ ಕಾರಣ ನೀಡಿ ಆ ವರ್ಷದ ತುಟ್ಟಿಭತ್ಯೆಯನ್ನು ಮುಂದೂಡುವ ಆದೇಶ ಹೊರಬಿತ್ತು, ಹೈಕೋರ್ಟ್ ಅದೇ ವರ್ಷ ಅದಕ್ಕೆ ತಡೆ ನೀಡಿತು, ಆದರೂ ಅನೇಕ ಗಾರ್ಮೆಂಟ್ಸ್ ಕಾರ್ಖಾನೆಗಳು ತಿಂಗಳಿಗೆ ಸುಮಾರು 417 ರೂಪಾಯಿಯ ಆ ಮೊತ್ತವನ್ನು ಕೊಡದೆ ಉಳಿಸಿಕೊಂಡವು. ಬಾಕಿ ಪಾವತಿಯಾಗತೊಡಗಿದ್ದು 2022ರಲ್ಲಿ, ಅದೂ ವಿದೇಶಿ ಬ್ರಾಂಡುಗಳ ಒತ್ತಡ ಬಿದ್ದ ಮೇಲೆ.

ಈಗ ‘ಎಲ್ಲ ನೌಕರರಿಗೂ’ ಎಂಬ ಮಾತಿಗೆ ಬರೋಣ. ಏರ್‌ಫ್ರೈಟ್ ಲಿಮಿಟೆಡ್ ವಿರುದ್ಧ ಕರ್ನಾಟಕ ಸರ್ಕಾರ ಎಂದು ಹೆಸರಾದ ಪ್ರಕರಣದಲ್ಲಿ ಎದ್ದ ಪ್ರಶ್ನೆ ಸರಳವಾಗಿತ್ತು: ಒಟ್ಟು ಕನಿಷ್ಠ ವೇತನಕ್ಕಿಂತ ಹೆಚ್ಚನ್ನೇ ಕೊಡುತ್ತಿರುವ ಸಂಸ್ಥೆಯು ಅಧಿಸೂಚನೆಯ ತುಟ್ಟಿಭತ್ಯೆಯನ್ನು ಪ್ರತ್ಯೇಕವಾಗಿ, ಅದರ ಮೇಲೆ ಮತ್ತೆ ಕೊಡಬೇಕೆ? ಬೇಕಿಲ್ಲ ಎಂದಿತು ಸುಪ್ರೀಂ ಕೋರ್ಟ್. ಕನಿಷ್ಠ ವೇತನವೆಂಬುದು ಒಂದೇ ಗಂಟು. ಮೂಲದರ ಮತ್ತು ತುಟ್ಟಿಭತ್ಯೆ ಎಂದು ಒಡೆದು ತೋರಿಸಿರುವುದು ಲೆಕ್ಕದ ಅನುಕೂಲಕ್ಕೆ. ಹೋಲಿಸಬೇಕಾದ್ದು ಒಟ್ಟು ಮೊತ್ತವನ್ನು ಒಟ್ಟು ಮೊತ್ತದೊಡನೆ. ತೀರ್ಪು ಬಂದು ಕಾಲು ಶತಮಾನ ಕಳೆದರೂ, ಕನಿಷ್ಠಕ್ಕಿಂತ ಬಹಳ ಮೇಲಿರುವ ನೌಕರನಿಗೂ ಏಪ್ರಿಲ್‌ನ ಮೊತ್ತವನ್ನು ಕೂಡಿಸಲೇಬೇಕು, ಇಲ್ಲದಿದ್ದರೆ ಕಾನೂನುಭಂಗ ಎಂದು ಹೆದರಿಸುವ ಸಲಹೆಗಾರರಿಗೆ ಕೊರತೆಯಿಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಿಡಿಯೋಣ. ಅಧಿಸೂಚನೆಯ ಮೂಲದರ 12,000 ರೂಪಾಯಿ, ತುಟ್ಟಿಭತ್ಯೆ 3,000; ಒಟ್ಟು 15,000. ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ 3,600 ಆಯಿತೆನ್ನಿ. ಕನಿಷ್ಠ ವೇತನ 15,600ಕ್ಕೆ ಏರಿತು. ಸರಿಯಾಗಿ 15,000 ಪಡೆಯುತ್ತಿದ್ದವನಿಗೆ 600 ಸೇರಿಸಬೇಕು, 15,400 ಪಡೆಯುತ್ತಿದ್ದವನಿಗೆ 200 ಸೇರಿಸಿದರೆ ಸಾಕು, ವೇತನವಾಗಿಯೇ 20,000 ಪಡೆಯುತ್ತಿರುವವನಿಗೆ ಈ ಕಾರಣದಿಂದ ಒಂದು ರೂಪಾಯಿಯನ್ನೂ ಸೇರಿಸಬೇಕಿಲ್ಲ. ಆದರೆ ಸಂಘದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ತುಟ್ಟಿಭತ್ಯೆಯನ್ನು ಸೂಚ್ಯಂಕಕ್ಕೆ ಕಟ್ಟಿಹಾಕಿದ್ದರೆ ಅದು ಒಪ್ಪಂದದ ಬಾಧ್ಯತೆ; ಅದರಿಂದ ನುಣುಚಿಕೊಳ್ಳಲು ಏರ್‌ಫ್ರೈಟ್ ತೀರ್ಪನ್ನು ಎಳೆದು ತರುವಂತಿಲ್ಲ. ಹೆಚ್ಚು ಕೊಡುತ್ತಿದ್ದೇವೆಂದು ಇರುವ ಸಂಬಳವನ್ನು ಕನಿಷ್ಠದ ಮಟ್ಟಕ್ಕೆ ಇಳಿಸುವಂತೆಯೂ ಇಲ್ಲ.

ಮೇಲಿನ ಲೆಕ್ಕದಲ್ಲಿ ‘ವೇತನವಾಗಿಯೇ’ ಎಂದು ಬರೆದದ್ದಕ್ಕೆ ಕಾರಣವಿದೆ. 1948ರ ಕಾಯ್ದೆಯ ವ್ಯಾಖ್ಯೆಯಲ್ಲಿ ಮನೆ ಬಾಡಿಗೆ ಭತ್ಯೆಯೂ ವೇತನದೊಳಗೇ ಇತ್ತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆ ಅದನ್ನು ಹೊರಗಿಟ್ಟಿದೆ. ಓಡಾಟದ ಭತ್ಯೆ, ಓವರ್‌ಟೈಮ್, ಭವಿಷ್ಯನಿಧಿಗೆ ಮಾಲೀಕರು ಕಟ್ಟುವ ವಂತಿಗೆಗಳೂ ಹೊರಗೇ ಉಳಿದಿವೆ. ಹೀಗೆ ಹೊರಗಿಟ್ಟ ಬಾಬುಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟು ಭಾಗ ಮಾತ್ರ ಮತ್ತೆ ವೇತನಕ್ಕೆ ಸೇರುತ್ತದೆ. ಹಾಗಾಗಿ 20,000 ರೂಪಾಯಿಯಲ್ಲಿ 6,000 ಮನೆ ಬಾಡಿಗೆ ಭತ್ಯೆ ಎಂದು ತೋರಿಸಿರುವ ಸಂಸ್ಥೆಯಲ್ಲಿ, ಸಂಹಿತೆಯನ್ನು ಅಕ್ಷರಶಃ ಓದಿದರೆ, ಹೋಲಿಕೆಗೆ ಸಿಗುವ ವೇತನ 14,000 ಮಾತ್ರ. 15,600ಕ್ಕೆ 1,600 ಕೊರತೆ ಬೀಳುತ್ತದೆ. ಭವಿಷ್ಯನಿಧಿಯ ವಂತಿಗೆ ಕಡಿಮೆಯಾಗಲೆಂದು ಸಂಬಳವನ್ನು ಹತ್ತು ಭತ್ಯೆಗಳಾಗಿ ಚೂರು ಮಾಡಿಟ್ಟವರಿಗೆ ಈ ವ್ಯಾಖ್ಯೆ ಹೆಚ್ಚು ನೋವು ಕೊಡಲಿದೆ, ಮತ್ತು ಅವರ ಬಗ್ಗೆ ನನಗೆ ವಿಶೇಷ ಮರುಕವೇನೂ ಇಲ್ಲ. ಹಳೆಯ ಕಾಯ್ದೆ ರದ್ದಾಯಿತು, ಆದ್ದರಿಂದ ಹಳೆಯ ದರಗಳೂ ಹೋದವು ಎಂಬ ವಾದವೂ ಕೇಳಿಬರುತ್ತಿದೆ. ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ ಹಿಂದಿನ ಅಧಿಸೂಚನೆಗಳು ಮುಂದುವರಿಯುತ್ತವೆ ಎಂದು ಸಂಹಿತೆಯಲ್ಲೇ ಇದೆ.

ವಲಯದ ವಿಷಯ ಬೇಗ ಮುಗಿಯುತ್ತದೆ. ಕರ್ನಾಟಕದ ಅಧಿಸೂಚನೆಗಳು ರಾಜ್ಯವನ್ನು ವಲಯಗಳಾಗಿ ವಿಂಗಡಿಸುತ್ತವೆ. ಬೆಂಗಳೂರು ನಗರ ಪ್ರದೇಶಕ್ಕೆ ಮೊದಲ ವಲಯದ ದರ, ಉಳಿದ ಊರುಗಳು ಯಾವ ವಲಯಕ್ಕೆ ಸೇರುತ್ತವೆಂಬುದು ಆಯಾ ಉದ್ಯಮದ ಅಧಿಸೂಚನೆಯಲ್ಲೇ ಇರುತ್ತದೆ. ಲೆಕ್ಕಕ್ಕೆ ಬರುವುದು ಕೆಲಸ ನಡೆಯುವ ಸ್ಥಳ. ಕಚೇರಿ ಹುಬ್ಬಳ್ಳಿಯಲ್ಲಿದ್ದರೂ ಪೀಣ್ಯದ ಗೋದಾಮಿನಲ್ಲಿ ದುಡಿಯುವವನಿಗೆ ಬೆಂಗಳೂರಿನ ದರವನ್ನೇ ಕೊಡಬೇಕು.

ನಷ್ಟದಲ್ಲಿದ್ದೇವೆ, ಕೊಡಲಾಗದು ಎಂಬ ಸಮಜಾಯಿಷಿಗೆ 1961ರ ಉಣ್ಣಿಚೋಯಿ ಪ್ರಕರಣದಲ್ಲೇ ಉತ್ತರ ಸಿಕ್ಕಿದೆ: ಕನಿಷ್ಠ ವೇತನದ ಪ್ರಶ್ನೆಯಲ್ಲಿ ಮಾಲೀಕನ ಆರ್ಥಿಕ ಶಕ್ತಿ ಅಪ್ರಸ್ತುತ. ಕಾರ್ಮಿಕನೇ ಕಡಿಮೆ ದರಕ್ಕೆ ಒಪ್ಪಿ ಸಹಿ ಹಾಕಿದ್ದಾನೆ ಎಂಬ ಕಾಗದಕ್ಕೂ ಬೆಲೆಯಿಲ್ಲ. 1983ರ ಸಂಜಿತ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರಗಾಲದ ಪರಿಹಾರ ಕಾಮಗಾರಿಯಲ್ಲಿ ಸ್ವತಃ ಸರ್ಕಾರವೇ ಕನಿಷ್ಠಕ್ಕಿಂತ ಕಡಿಮೆ ಕೊಟ್ಟದ್ದನ್ನು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದು ಕರೆಯಿತು.

ಏಪ್ರಿಲ್‌ನ ಏರಿಕೆಯನ್ನು ಮಾಲೀಕರು ಹೆಚ್ಚಾಗಿ ಮರೆಯುವುದು ತಮ್ಮ ಹಾಜರಿ ಪುಸ್ತಕದಲ್ಲಿಲ್ಲದವರ ವಿಷಯದಲ್ಲಿ. ಕಾವಲು, ಸ್ವಚ್ಛತೆ, ಸರಕು ಎತ್ತಿಳಿಸುವ ಕೆಲಸಗಳನ್ನು ಎರಡು ಮೂರು ವರ್ಷದ ಸ್ಥಿರ ದರಕ್ಕೆ ಗುತ್ತಿಗೆ ಕೊಟ್ಟಿರುತ್ತಾರೆ. ತುಟ್ಟಿಭತ್ಯೆ ಏರಿದಂತೆ ಬಿಲ್ಲಿನ ಮೊತ್ತವೂ ಏರುತ್ತದೆಂಬ ಷರತ್ತು ಆ ಪತ್ರದಲ್ಲಿ ಇರುವುದಿಲ್ಲ. ಮೊದಲ ವರ್ಷ ಗುತ್ತಿಗೆದಾರ ತನ್ನ ಲಾಭದಿಂದ ಭರಿಸುತ್ತಾನೆ, ಎರಡನೆಯ ವರ್ಷ ಕಾವಲುಗಾರನ ಸಂಬಳದಿಂದ ಭರಿಸುತ್ತಾನೆ. ಗುತ್ತಿಗೆದಾರ ಉಳಿಸಿಕೊಂಡ ವೇತನದ ಬಾಧ್ಯತೆ ಮೂಲ ಮಾಲೀಕನ ಮೇಲೆಯೇ ಬೀಳುತ್ತದೆಂದು ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆ ಹೇಳಿತ್ತು. ಹೊಸ ಕಾರ್ಮಿಕ ಸಂಹಿತೆಗಳೂ ಆ ಹೊಣೆಯನ್ನು ಕೈಬಿಟ್ಟಿಲ್ಲ. ಆದ್ದರಿಂದ ಹೊಸ ದರಪಟ್ಟಿ ಬಂದ ದಿನ ಸ್ವಂತ ನೌಕರರ ಸಂಬಳದ ಪಟ್ಟಿಯ ಜೊತೆಗೆ ಗುತ್ತಿಗೆ ಪತ್ರಗಳನ್ನೂ ತೆಗೆದು, ಅವುಗಳಲ್ಲಿ ನಮೂದಾದ ದರದಲ್ಲಿ ಈ ವರ್ಷದ ಕನಿಷ್ಠ ವೇತನ, ಭವಿಷ್ಯನಿಧಿ, ಇಎಸ್‌ಐ ಎಲ್ಲವೂ ಹಿಡಿಯುತ್ತವೆಯೇ ಎಂದು ಕೂಡಿ ನೋಡಬೇಕಾಗುತ್ತದೆ. ಹಿಡಿಯದಿದ್ದರೆ ದರವನ್ನು ಏರಿಸಿ ತಿದ್ದುಪಡಿ ಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ.