ಕೆಡೆಟ್ ಮಗ ‘ರಗ್ಡಾ ಆಯ್ತು’ ಅಂತ ನಕ್ಕಾಗ

ಕಳೆದ ತಿಂಗಳು ಒಬ್ಬ ತಾಯಿ ಫೋನ್ ಮಾಡಿದ್ದರು. ಮಗ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ ಸೇರಿ ಕೆಲವೇ ವಾರ ಆಗಿತ್ತು. ‘ಡಾಕ್ಟ್ರೇ, ನಿನ್ನೆ ಒಳ್ಳೆ ರಗ್ಡಾ ಆಯ್ತು ಅಂತ ನಗ್ತಾ ಹೇಳಿದ. ನಾನು ಯಾವುದೋ ಚಾಟ್ಸ್ ತಿಂದಿರಬೇಕು ಅಂದ್ಕೊಂಡೆ. ಆಮೇಲೆ ಅವನ ಅಕ್ಕ ಹೇಳಿದ್ಳು, ಅದು ಶಿಕ್ಷೆಯಂತೆ. ಶಿಕ್ಷೆ ಆದ್ರೆ ನಗೋದ್ಯಾಕೆ?’

ಒಳ್ಳೆಯ ಪ್ರಶ್ನೆ. ನಾನು ಸೇನೆಯ ವೈದ್ಯನಾಗಿದ್ದವನು. ತರಬೇತಿ ಕೇಂದ್ರಗಳ ಎಂಐ ರೂಮಿನಲ್ಲಿ ವರ್ಷಗಟ್ಟಲೆ ಕೂತಿದ್ದೇನೆ. ಎಂಐ ರೂಂ ಅಂದರೆ ಮೆಡಿಕಲ್ ಇನ್ಸ್‌ಪೆಕ್ಷನ್ ರೂಂ. ಹುಷಾರಿಲ್ಲದ ಕೆಡೆಟ್ ಮೊದಲು ಬರುವ ಜಾಗ ಅದು. ಅಲ್ಲಿ ಕೂತವನಿಗೆ ಕೆಡೆಟ್‌ಗಳ ಮಾತು ತಿಳಿಯದಿದ್ದರೆ ಅವರ ಕಾಯಿಲೆಯೂ ತಿಳಿಯುವುದಿಲ್ಲ.

‘ರಗಡ್‌ನಾ’ ಅಂದರೆ ಹಿಂದಿಯಲ್ಲಿ ಉಜ್ಜುವುದು, ತಿಕ್ಕುವುದು. ರಗ್ಡಾ ಅಲ್ಲಿಂದ ಬಂದ ಪದ. ನೆಲದ ಮೇಲೆ ಫ್ರಂಟ್ ರೋಲ್, ಅಂದರೆ ಲಾಗ ಹಾಕುತ್ತಾ ಹೋಗುವುದು, ದಂಡ, ಬಸ್ಕಿ, ಓಟ, ಎಲ್ಲ ಇದರಲ್ಲಿ ಸೇರುತ್ತದೆ. ಒಬ್ಬ ತಪ್ಪು ಮಾಡಿದರೆ ಎಷ್ಟೋ ಸಲ ಇಡೀ ಗುಂಪಿಗೆ ರಗ್ಡಾ. ಹೊರಗಿನವರಿಗೆ ಇದು ಅನ್ಯಾಯ ಅನಿಸುತ್ತದೆ. ಆದರೆ ಒಳಗೆ ಏನಾಗುತ್ತದೆ ನೋಡಿ. ಕವಾಯತಿನ ಮೈದಾನದಲ್ಲಿ ಆಜ್ಞೆಗಳೆಲ್ಲ ಹಿಂದಿಯಲ್ಲಿ. ನಮ್ಮ ಕಡೆಯ ಹಳ್ಳಿ ಹುಡುಗ ‘ದಾಹಿನೇ ಮುಡ್’ ಅಂದಾಗ ಎಡಕ್ಕೆ ತಿರುಗುತ್ತಾನೆ. ಎಲ್ಲರೂ ನೆಲಕ್ಕೆ. ರಾತ್ರಿ ಹರಿಯಾಣದ ಹುಡುಗನೊಬ್ಬ ಅವನನ್ನು ಕಾರಿಡಾರಿನಲ್ಲಿ ನಿಲ್ಲಿಸಿಕೊಂಡು ದಾಹಿನೇ, ಬಾಯೇಂ ಹೇಳಿಕೊಡುತ್ತಾನೆ. ತನ್ನ ಬೆನ್ನು ಉಳಿಸಿಕೊಳ್ಳಲು ಶುರು ಮಾಡಿದ ಪಾಠ, ಒಂದು ತಿಂಗಳಲ್ಲಿ ಗೆಳೆತನ ಆಗಿರುತ್ತದೆ. ಆ ಗೆಳೆಯನಿಗೆ ಅಲ್ಲಿ ‘ಕೋರ್ಸ್‌ಮೇಟ್’ ಅನ್ನುತ್ತಾರೆ. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೂ ಒಬ್ಬ ಅಧಿಕಾರಿ ‘ಅವನು ನನ್ನ ಕೋರ್ಸ್‌ಮೇಟ್’ ಅಂದರೆ, ಅದರ ಮುಂದೆ ಬೇರೆ ಪರಿಚಯ ಬೇಕಾಗುವುದಿಲ್ಲ. ಹುಡುಗ ನಗುವುದು ಅದಕ್ಕೇ. ರಗ್ಡಾ ತನ್ನೊಬ್ಬನಿಗೆ ಆಗಿದ್ದಲ್ಲ ಅಂತ.

‘ಪುಟ್ಟು ಪರೇಡ್’ ಇನ್ನೊಂದು. ನಮಗೆ ಪುಟ್ಟು ಅಂದರೆ ಮನೆಯ ಮಗು. ಅಲ್ಲಿ ಅದು ಬಟ್ಟೆ ಬದಲಿಸುವ ಶಿಕ್ಷೆ. ಪಿಟಿ ಉಡುಪಿನಿಂದ ಕವಾಯತಿನ ಉಡುಪಿಗೆ, ಅದರಿಂದ ರಾತ್ರಿ ಊಟದ ಉಡುಪಿಗೆ, ಒಂದೊಂದಕ್ಕೂ ಕೆಲವೇ ನಿಮಿಷ. ಒಂದು ಗುಂಡಿ ಬಿಟ್ಟರೂ ಮತ್ತೆ ಮೊದಲಿಂದ. ಮೆಟ್ಟಿಲು ಹತ್ತಿ ಇಳಿದು ಹುಡುಗರ ಮೀನಖಂಡ ಕಲ್ಲಾಗಿರುತ್ತದೆ. ಕವಾಯತು ಕಲಿಸುವವರು ‘ಉಸ್ತಾದ್’. ಅವರ ಗದರಿಕೆಗೆ ಮನೆಯವರು ಹೆದರಬೇಕಿಲ್ಲ. ಹುಡುಗನ ಬೂಟಿನೊಳಗೆ ಗುಳ್ಳೆ ಎದ್ದಿದೆ ಅಂತ ನಡಿಗೆ ನೋಡಿಯೇ ಕಂಡುಹಿಡಿದು ನನ್ನ ಬಳಿ ಕಳಿಸಿದ ಉಸ್ತಾದರನ್ನು ನಾನು ತುಂಬ ಜನ ನೋಡಿದ್ದೇನೆ.

ನನಗೆ ಚಿಂತೆ ತಂದ ಪದಗಳು ಬೇರೆ ಎರಡು: ‘ಅಟೆಂಡ್ ಸಿ’ ಮತ್ತು ‘ರೆಲಿಗೇಷನ್’.

ಅಟೆಂಡ್ ಸಿ ಅಂದರೆ ಓಟ, ಪಿಟಿ, ಕವಾಯತಿನಿಂದ ಕೆಲವು ದಿನ ವಿನಾಯಿತಿ. ಡಾಕ್ಟರ್ ಬರೆದುಕೊಡುವ ಚೀಟಿ. ಕೆಡೆಟ್‌ಗಳ ಬಾಯಲ್ಲಿ ಅದು ಬೈಗುಳ. ‘ಅವನು ಯಾವಾಗಲೂ ಅಟೆಂಡ್ ಸಿ’ ಅಂದರೆ ಮೈಗಳ್ಳ ಅಂತ ಅರ್ಥ. ರೆಲಿಗೇಷನ್ ಅಂದರೆ ಒಂದು ಟರ್ಮ್ ಹಿಂದಕ್ಕೆ ಹಾಕುವುದು. ಎನ್‌ಡಿಎಯಲ್ಲಿ 3 ವರ್ಷಕ್ಕೆ 6 ಟರ್ಮ್. ತರಬೇತಿ ಜಾಸ್ತಿ ತಪ್ಪಿದರೆ, ಪರೀಕ್ಷೆಯಲ್ಲಿ ಸೋತರೆ, ಆರು ತಿಂಗಳು ಹಿಂದೆ. ಕಾಲ ಕಳೆಯುತ್ತದೆ ಅನ್ನುವುದಕ್ಕಿಂತ ಕೋರ್ಸ್‌ಮೇಟ್‌ಗಳು ಮುಂದೆ ಹೋಗಿಬಿಡುತ್ತಾರೆ ಅನ್ನುವುದೇ ದೊಡ್ಡ ಭಯ. ಈ ಎರಡು ಪದ ಸೇರಿದರೆ ಹುಡುಗರು ನೋವು ಮುಚ್ಚಿಡುತ್ತಾರೆ.

ಒಬ್ಬನ ಕಥೆ ಹೇಳುತ್ತೇನೆ. ಯಾವ ಅಕಾಡೆಮಿ ಅಂತ ಬೇಡ. ಮೊಣಕಾಲಿನ ಕೆಳಗೆ, ಕಾಲಿನ ಮುಂದಿನ ಮೂಳೆಯಲ್ಲಿ ಒಂದೇ ಕಡೆ ನೋವು. ಓಡಿದಾಗ ಜಾಸ್ತಿ, ಕೂತರೆ ಕಡಿಮೆ. ಅವನು ಎರಡು ವಾರ ಕ್ರೇಪ್ ಬ್ಯಾಂಡೇಜ್ ಬಿಗಿದುಕೊಂಡು ಓಡಿದ. ಕೋರ್ಸ್‌ಮೇಟ್‌ಗಳು ನೋವಿನ ಮಾತ್ರೆ ತಂದುಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು. ನನ್ನ ಹತ್ತಿರ ಬಂದಾಗ ಬಿರುಕು ಬಿಟ್ಟಿದ್ದ ಮೂಳೆ ಮುರಿದೇ ಹೋಗಿತ್ತು.

ಇದನ್ನು ಸ್ಟ್ರೆಸ್ ಫ್ರ್ಯಾಕ್ಚರ್ ಅನ್ನುತ್ತೇವೆ. ಮೂಳೆ ಕಲ್ಲಲ್ಲ, ಜೀವಂತ ಅಂಗ. ಭಾರ ಹೆಚ್ಚಾದರೆ ಅದು ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟುತ್ತದೆ. ಕರಗಿಸುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ಹಾಗಾಗಿ ತರಬೇತಿ ಶುರುವಾದ ಮೊದಲ ಕೆಲವು ವಾರ ಮೂಳೆ ಮೊದಲಿಗಿಂತ ಗಟ್ಟಿ ಆಗುವ ಬದಲು ಸ್ವಲ್ಪ ಸೋತಿರುತ್ತದೆ. ರಗ್ಡಾ ಜಾಸ್ತಿ ಇರುವುದೂ ಅದೇ ದಿನಗಳಲ್ಲಿ. ಬೇಗ ಹೇಳಿದರೆ ವಿಶ್ರಾಂತಿಯಲ್ಲೇ ವಾಸಿಯಾಗುತ್ತದೆ. ಮುಚ್ಚಿಟ್ಟರೆ ಶಸ್ತ್ರಚಿಕಿತ್ಸೆಯ ತನಕ ಹೋಗಬಹುದು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಅಭ್ಯಾಸ ಇಲ್ಲದವನು ಒಮ್ಮೆಗೇ ನೂರಾರು ಬಸ್ಕಿ ಹೊಡೆದರೆ ಸ್ನಾಯು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡರೆ ಒಂದು ಗಂಟೆಯೂ ಕಾಯಬಾರದು.

ರಗ್ಡಾ ಎಲ್ಲಿ ಮುಗಿದು ಕ್ರೌರ್ಯ ಎಲ್ಲಿ ಶುರುವಾಗುತ್ತದೆ ಅಂತ ಜನ ಕೇಳುತ್ತಾರೆ. ನನ್ನ ಲೆಕ್ಕ ಇದು. ಬೆಳಕಿನಲ್ಲಿ, ಜವಾಬ್ದಾರಿ ಇರುವವರ ಕಣ್ಣೆದುರು, ಎಲ್ಲರಿಗೂ ಒಟ್ಟಿಗೆ ಆದರೆ ಅದು ತರಬೇತಿ. ದೀಪ ಆರಿದ ಮೇಲೆ, ಒಬ್ಬನನ್ನೇ ಕರೆದು, ಸೀನಿಯರ್ ತನ್ನ ಖುಷಿಗೆ ಮಾಡಿಸಿದರೆ ಅದು ತರಬೇತಿ ಅಲ್ಲವೇ ಅಲ್ಲ. ಅಮೆರಿಕದ ವೆಸ್ಟ್ ಪಾಯಿಂಟ್ ಅಕಾಡೆಮಿ ಇದನ್ನು ಕಷ್ಟಪಟ್ಟು ಕಲಿಯಿತು. ಅಲ್ಲಿ ಮೊದಲ ವರ್ಷದವನಿಗೆ ‘ಪ್ಲೀಬ್’ ಅನ್ನುತ್ತಾರೆ, ಹಳೆ ರೋಮ್‌ನ ಸಾಮಾನ್ಯ ಜನರ ಹೆಸರಿನಿಂದ ಬಂದ ಪದ. 1899ರಲ್ಲಿ ಸೇರಿದ, ಮುಂದೆ ಅಮೆರಿಕದ ಹೆಸರಾಂತ ಸೇನಾಪತಿಯಾದ ಡಗ್ಲಾಸ್ ಮ್ಯಾಕ್‌ಆರ್ಥರ್ ಅವರಿಂದ ಸೀನಿಯರ್‌ಗಳು ಮೈ ಸೆಟೆದು ಬೀಳುವ ತನಕ ಬಸ್ಕಿ ಹೊಡೆಸಿದ್ದರು. ಅಲ್ಲಿಂದ ಹೊರಬಂದ ಇನ್ನೊಬ್ಬ ಹುಡುಗ 1900ರಲ್ಲಿ ತೀರಿಕೊಂಡಾಗ ಮನೆಯವರು ಇಂಥ ಹಿಂಸೆಯನ್ನೇ ದೂರಿದರು. 1901ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು, ಮ್ಯಾಕ್‌ಆರ್ಥರ್ ಸಾಕ್ಷಿ ಹೇಳಬೇಕಾಯಿತು. ಅದೇ ಮ್ಯಾಕ್‌ಆರ್ಥರ್ 1919ರಲ್ಲಿ ಅಕಾಡೆಮಿಯ ಮುಖ್ಯಸ್ಥರಾಗಿ ಬಂದರು. ಹೊಸಬರ ತರಬೇತಿಯನ್ನು ಸೀನಿಯರ್ ಕೆಡೆಟ್‌ಗಳ ಕೈಯಿಂದ ತೆಗೆದು ಅಧಿಕಾರಿಗಳಿಗೆ ಒಪ್ಪಿಸಿದರು. ಪೆಟ್ಟು ತಿಂದವನು ಮುಂದೆ ಕೊಡುವವನೇ ಆಗಬೇಕು ಅಂತೇನಿಲ್ಲ, ಅಲ್ವಾ?

2022ರಲ್ಲಿ ಎನ್‌ಡಿಎಗೆ ಹುಡುಗಿಯರು ಸೇರಿದರು. ಅವರಲ್ಲಿ 17 ಮಂದಿಯ ಮೊದಲ ತಂಡ 2025ರ ಮೇ 30ರಂದು ತರಬೇತಿ ಮುಗಿಸಿತು. ಸ್ಟ್ರೆಸ್ ಫ್ರ್ಯಾಕ್ಚರ್ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಾಣುತ್ತದೆ. ಅವರ ತಂದೆತಾಯಿ ಈ ವಿಷಯ ಇನ್ನೂ ಚೆನ್ನಾಗಿ ತಿಳಿದಿರಲಿ.

ಆ ತಾಯಿಗೆ ನಾನು ಹೇಳಿದ್ದು ಇಷ್ಟು. ‘ಹೇಗಿದ್ದೀಯಾ’ ಅಂತ ಕೇಳಬೇಡಿ, ‘ಜೋಶ್‌ನಲ್ಲಿದ್ದೀನಿ’ ಅಂತಲೇ ಹೇಳುತ್ತಾನೆ. ‘ರಾತ್ರಿ ಮಲಗಿದಾಗಲೂ ಕಾಲು ನೋಯುತ್ತಾ? ಒಂದೇ ಜಾಗದಲ್ಲಾ? ಮೂತ್ರ ಯಾವ ಬಣ್ಣ?’ ಅಂತ ಕೇಳಿ. ಉತ್ತರ ತಡವಾದರೆ ಎಂಐ ರೂಮಿಗೆ ಹೋಗಲು ಹೇಳಿ. ಮನೆಯಿಂದ ಹೇಳಿದ್ದಾರೆ ಅಂದರೆ ಹುಡುಗರಿಗೆ ಹೋಗುವುದಕ್ಕೆ ಒಂದು ನೆಪ ಸಿಗುತ್ತದೆ. ಅವರಿಗೆ ಬೇಕಾಗಿರುವುದೂ ಅದೇ.

ಕಾಲು ಮುರಿದುಕೊಂಡ ಹುಡುಗ ರೆಲಿಗೇಟ್ ಆದ. ಆ ದಿನ ನನ್ನೆದುರು ಅತ್ತ. ತರಬೇತಿ ಮುಗಿದವರು ಕವಾಯತಿನ ಮೈದಾನದಲ್ಲಿ ‘ಅಂತಿಮ ಪಗ್’ ಅನ್ನುವ ಗೆರೆ ದಾಟಿ ಹೊರಗೆ ನಡೆಯುತ್ತಾರೆ. ಪಗ್ ಅಂದರೆ ಹೆಜ್ಜೆ. ಅವನ ಕೋರ್ಸ್ ಆ ಗೆರೆ ದಾಟಿದಾಗ ಅವನು ಪಕ್ಕದಲ್ಲಿ ನಿಂತು ನೋಡಿದ. ಆರು ತಿಂಗಳ ಮೇಲೆ ತಾನೂ ದಾಟಿದ. ಈಗ ಅಧಿಕಾರಿ. ಮೊನ್ನೆ ಮಾತಿಗೆ ಸಿಕ್ಕಾಗ ಕೋರ್ಸ್‌ಮೇಟ್‌ಗಳ ಬಗ್ಗೆ ಕೇಳಿದೆ. ‘ಯಾವ ಕೋರ್ಸಿನವರು ಸರ್? ನನಗೆ ಎರಡೂ ಕೋರ್ಸಿನವರು ಇದ್ದಾರೆ’ ಅಂದ.