ಹಳೇ ವೈರಿಗಳು ಸೂಯೆಜ್‌ನಲ್ಲಿ ಒಂದಾದದ್ದು ಯಾಕೆ?

ಪ್ರಶ್ನೆ: ಬ್ರಿಟನ್, ಫ್ರಾನ್ಸ್ ಹಳೇ ವೈರಿಗಳು ಅಲ್ವಾ? ಮತ್ತೆ 1956ರಲ್ಲಿ ಇಬ್ಬರೂ ಸೇರಿ ಈಜಿಪ್ಟ್ ಮೇಲೆ ದಾಳಿ ಮಾಡಿದ್ದು ಹೇಗೆ?

ಉತ್ತರ: ವೈರ ಕರಗಿ ಸ್ನೇಹ ಬೆಳೆದಿತ್ತು ಅಂತಲ್ಲ. ಇಬ್ಬರ ತೋಳಿನಲ್ಲೂ ಮೊದಲಿನ ಬಲ ಉಳಿದಿರಲಿಲ್ಲ.

ಅದಕ್ಕೆ ಬರೀ 11 ವರ್ಷ ಮೊದಲು, 1945ರ ಮೇ ಕೊನೆಯಲ್ಲಿ, ತಮ್ಮ ಆಳ್ವಿಕೆಯಲ್ಲಿದ್ದ ಸಿರಿಯಾ ಕೈತಪ್ಪದಿರಲಿ ಅಂತ ಫ್ರೆಂಚರು ಡಮಾಸ್ಕಸ್ ಮೇಲೆ ಗುಂಡಿನ ಮಳೆ ಸುರಿಸಿದ್ದರು. ನೂರಾರು ಜನ ಸತ್ತರು. ಆಗ ಬ್ರಿಟಿಷ್ ಪ್ರಧಾನಿ ಚರ್ಚಿಲ್ ತಮ್ಮ ಪಡೆ ಕಳಿಸಿ, ಫ್ರೆಂಚ್ ಸೈನಿಕರನ್ನು ಬ್ಯಾರಕ್‌ಗೆ ವಾಪಸ್ ಅಟ್ಟಿದರು. ಫ್ರಾನ್ಸಿನ ನಾಯಕ ಡಿಗಾಲ್ ಅವರಿಗೆ ಅದು ದೊಡ್ಡ ಅವಮಾನ.

1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್ನಿಗೆ ಆ ಕಾಲುವೆ ಮೂಲಕ ಬರುವ ಕೊಲ್ಲಿಯ ಎಣ್ಣೆಯ ಚಿಂತೆ. ಫ್ರಾನ್ಸಿಗೆ ತನ್ನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಚಿಂತೆ: ಅಲ್ಲಿನ ಬಂಡುಕೋರರ ಬೆನ್ನಿಗೆ ನಾಸರ್ ಇದ್ದರು. ಭಯ ಬೇರೆ ಬೇರೆ, ಎದುರಾಳಿ ಒಬ್ಬರೇ. ಆ ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ಪ್ರಧಾನಿ ಗೀ ಮೊಲೆ, ಎರಡೂ ದೇಶಗಳು ಒಂದೇ ಒಕ್ಕೂಟ ಆಗಿಬಿಡಲಿ ಅನ್ನುವ ಮಾತನ್ನೂ ಲಂಡನ್‌ನಲ್ಲಿ ಎತ್ತಿದ್ದರು!

ಅಕ್ಟೋಬರ್‌ನಲ್ಲಿ ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಗುಟ್ಟಾಗಿ ಒಪ್ಪಂದವಾಯಿತು. ಇಸ್ರೇಲ್ ಮೊದಲು ನುಗ್ಗುವುದು, ಇವರಿಬ್ಬರು ಜಗಳ ಬಿಡಿಸುವವರ ಹಾಗೆ ಬಂದು ಕಾಲುವೆ ಹಿಡಿಯುವುದು. ಬ್ರಿಟಿಷ್ ಪ್ರಧಾನಿ ಈಡನ್ ತಮ್ಮ ಕಡೆಯ ಪ್ರತಿಯನ್ನು ನಾಶ ಮಾಡಿಸಿದರು. ಇಸ್ರೇಲಿನ ಪ್ರತಿ ಉಳಿಯಿತು. ಈ ಲೆಕ್ಕಾಚಾರದಲ್ಲಿ ಈಜಿಪ್ಟಿನ ಜನರ ಜೀವಕ್ಕೆ ಬೆಲೆಯೇ ಇರಲಿಲ್ಲ. ಕಾಲುವೆಯ ಬಾಯಲ್ಲಿರುವ ಪೋರ್ಟ್ ಸೈದ್‌ನಲ್ಲಿ ಸತ್ತವರು, ಮನೆಮಠ ಕಳೆದುಕೊಂಡವರು ಅವರೇ. ನನಗೆ ಇಡೀ ಕಥೆಯಲ್ಲಿ ಜಾಸ್ತಿ ನೋವು ಕೊಡುವುದು ಇದು.

ಒಗ್ಗಟ್ಟು ಮುರಿದದ್ದು ದುಡ್ಡಿನ ವಿಷಯಕ್ಕೆ. ಪೌಂಡ್ ಕುಸಿಯುತ್ತಿತ್ತು. ದಾಳಿ ನಿಲ್ಲಿಸದೆ ನೆರವು ಇಲ್ಲ ಅಂತ ಅಮೆರಿಕ ಪಟ್ಟು ಹಿಡಿಯಿತು. ನವೆಂಬರ್ 6ರಂದು ಈಡನ್ ಮೊಲೆಗೆ ಫೋನ್ ಮಾಡಿ, ಇನ್ನು ಆಗಲ್ಲ ಅಂದರು. ಫ್ರೆಂಚರಿಗೆ ಮುಂದುವರಿಯುವ ಮನಸ್ಸಿತ್ತು. ಆದರೆ ಜಂಟಿ ಸೇನೆಯ ಮುಖ್ಯಸ್ಥ ಬ್ರಿಟಿಷ್ ಜನರಲ್ ಕೀಟ್ಲಿ. ಅವರನ್ನು ಬಿಟ್ಟು ಒಂಟಿಯಾಗಿ ಹೋಗುವುದು ಹೇಗೆ?

ಆಮೇಲೆ ಇಬ್ಬರ ದಾರಿಯೂ ಬೇರೆಯಾಯಿತು. ಬ್ರಿಟನ್ ಅಮೆರಿಕದ ಮಗ್ಗುಲಿಗೆ ಸರಿಯಿತು. ಫ್ರಾನ್ಸ್ 1957ರಲ್ಲಿ ಪಶ್ಚಿಮ ಜರ್ಮನಿ, ಇಟಲಿ ಮತ್ತಿತರರ ಜೊತೆ ರೋಮ್ ಒಪ್ಪಂದಕ್ಕೆ ಸಹಿ ಹಾಕಿ ಯುರೋಪಿನ ಕೂಟ ಕಟ್ಟಿತು. ಆ ಕೂಟಕ್ಕೆ ಸೇರಿಸಿಕೊಳ್ಳಿ ಅಂತ ಬ್ರಿಟನ್ ಕೇಳಿದಾಗ, 1963ರ ಜನವರಿಯಲ್ಲಿ ಬಾಗಿಲು ಹಾಕಿದವರು ಅದೇ ಡಿಗಾಲ್.