ಅಡೆತಡೆ ಮತ್ತು ಮೆಟ್ಟಿಲುಗಳಿಗೆ ನಡಿಗೆ ಹೊಂದಿಕೊಳ್ಳುವ ಬಗೆ

ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮುಂದಕ್ಕೆ ಸಾಗುವ ಪಾದದ ತುದಿಗೂ ನೆಲಕ್ಕೂ ಇರುವ ಕನಿಷ್ಠ ಅಂತರ ಸುಮಾರು 1ರಿಂದ 2 ಸೆಂಟಿಮೀಟರ್ ಮಾತ್ರ. ಹೊಸ್ತಿಲಿನಂಥ ಅಡೆತಡೆಯನ್ನು ಕಂಡು ದಾಟುವಾಗ ಅದೇ ಪಾದವು ಅದರ ಮೇಲೆ ಸುಮಾರು 10 ಸೆಂಟಿಮೀಟರ್ ಅಂತರವಿಟ್ಟು ಹಾಯುತ್ತದೆ. ಆದ್ದರಿಂದ ಕಣ್ಣಿಗೆ ಬಿದ್ದ ದೊಡ್ಡ ಕಲ್ಲಿಗಿಂತ, ಗಮನಕ್ಕೆ ಬಾರದೆ ತುಸು ಮೇಲೆದ್ದ ಚಪ್ಪಡಿಯೇ ಹೆಚ್ಚು ಅಪಾಯಕಾರಿ.

ಈ ಹೊಂದಾಣಿಕೆ ಯಾವ ಕ್ಷಣದಲ್ಲಿ ನಡೆಯುತ್ತದೆ ಎಂಬುದನ್ನು ನಾವು ಗಮನವಿಟ್ಟು ಕಲಿಯಬೇಕು. ಆಫ್ತಾಬ್ ಪಾಟ್ಲಾ ಮತ್ತು ಜೋನ್ ವಿಕರ್ಸ್ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಡೆಯುವವರು ಅಡೆತಡೆಯನ್ನು ಅದಕ್ಕಿಂತ ಕೆಲವು ಹೆಜ್ಜೆ ಮೊದಲೇ ನೋಡಿಕೊಳ್ಳುತ್ತಾರೆ. ಕಾಲೆತ್ತಿ ದಾಟುವ ಹೊತ್ತಿಗೆ ದೃಷ್ಟಿ ಆಗಲೇ ಮುಂದಿನ ನೆಲಕ್ಕೆ ಹೋಗಿರುತ್ತದೆ. ಹತ್ತಿರ ಬರುತ್ತಿದ್ದಂತೆ ಹೆಜ್ಜೆಯ ಉದ್ದವನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ, ಪಾದವನ್ನು ಸರಿಯಾದ ಜಾಗದಲ್ಲಿ ಊರುವಂತೆ ಮಾಡಿಕೊಳ್ಳುವುದೂ ಈ ಮುನ್ನೋಟದಿಂದಲೇ.

ನನ್ನ ದೃಷ್ಟಿಯಲ್ಲಿ ಈ ವಿಷಯದ ತಿರುಳು ಇರುವುದು ಹಿಂದಿನ ಕಾಲಿನಲ್ಲಿ. ಮೊದಲು ದಾಟುವ ಕಾಲು ಅಂಚುಗಣ್ಣಿಗಾದರೂ ಕಾಣುತ್ತದೆ, ಹಿಂದಿನ ಕಾಲು ದಾಟುವಾಗ ಅದೂ ಕಾಣದು, ಅಡೆತಡೆಯೂ ಕಾಣದು. ಅಡೆತಡೆಯ ಎತ್ತರದ ನೆನಪೊಂದೇ ಅದಕ್ಕೆ ಆಧಾರ. ಬೆಕ್ಕುಗಳ ಮೇಲೆ ಮೆಕ್‌ವೀ ಮತ್ತು ಪಿಯರ್ಸನ್ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಂಗಾಲುಗಳು ದಾಟಿದ ಬಳಿಕ ಬೆಕ್ಕನ್ನು ನಿಲ್ಲಿಸಿ ಅಡೆತಡೆಯನ್ನು ಸದ್ದಿಲ್ಲದೆ ತೆಗೆದರೂ, ನಿಮಿಷಗಳ ನಂತರವೂ ಅದು ಹಿಂಗಾಲುಗಳನ್ನು ಎತ್ತರಕ್ಕೆತ್ತಿಯೇ ಮುಂದೆ ನಡೆಯಿತು. ಆದ್ದರಿಂದ ಯಾರ ನಡಿಗೆಯನ್ನಾದರೂ ಪರಿಶೀಲಿಸುವಾಗ ಹಿಂದಿನ ಕಾಲಿನ ಮೊಣಕಾಲು ಎಷ್ಟು ಮಡಿಯುತ್ತದೆ ಎಂಬುದನ್ನು ತಪ್ಪದೆ ನೋಡಿರಿ.

ಮೆಟ್ಟಿಲಿನ ವಿಚಾರಕ್ಕೆ ಬಂದರೆ, ಕೈ ಊರದೆ ಹತ್ತಬಹುದಾದ ಗರಿಷ್ಠ ಎತ್ತರವು ಕಾಲಿನ ಉದ್ದದ ಸುಮಾರು 0.88 ಪಾಲು ಎಂದು ವಿಲಿಯಂ ವಾರೆನ್ 1984ರಲ್ಲಿ ತೋರಿಸಿದರು; ಕುಳ್ಳಗಿರುವವರೂ ಎತ್ತರದವರೂ ತಮ್ಮ ತಮ್ಮ ಮಿತಿಯನ್ನು ನೋಟದಿಂದಲೇ ಸರಿಯಾಗಿ ಅಂದಾಜಿಸಿದ್ದರು. ಎಲ್ಲ ಮೆಟ್ಟಿಲುಗಳೂ ಒಂದೇ ಎತ್ತರವಿದ್ದರೆ ಮೊದಲ ಕೆಲವನ್ನು ಹತ್ತಿದ ಮೇಲೆ ಕಾಲು ಆ ಲಯವನ್ನೇ ನಂಬುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲುಗಳ ಎತ್ತರ ಮತ್ತು ಅಗಲ ಒಂದೇ ಸಮನಾಗಿಲ್ಲದ ಕಾರಣ, ಅಲ್ಲಿ ಆ ನಂಬಿಕೆ ಸಲ್ಲದು. ಹೆಜ್ಜೆಹೆಜ್ಜೆಗೂ ಕಣ್ಣು ಕೆಳಗಿಳಿಯಬೇಕಾಗುತ್ತದೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟದ ಕೆಲಸ. ಮೇಲಿನ ಮೆಟ್ಟಿಲಿನಲ್ಲಿರುವ ಕಾಲಿನ ತೊಡೆಯ ಸ್ನಾಯುಗಳು ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತ ದೇಹದ ಭಾರವನ್ನು ನಿಧಾನವಾಗಿ ಕೆಳಗಿಳಿಸುತ್ತವೆ. ಕೆಳಗಿನ ಕಾಲಿನ ಮೀನಖಂಡವು ಪಾದದ ಮುಂಭಾಗ ನೆಲ ಮುಟ್ಟುವ ಮೊದಲೇ ಬಿಗಿಯುತ್ತದೆ. ಮೆಟ್ಟಿಲು ಅಂದುಕೊಂಡಿದ್ದಕ್ಕಿಂತ ಆಳವಾಗಿದ್ದರೆ ಈ ಸಿದ್ಧತೆಯ ಸಮಯ ತಪ್ಪಿ ದೇಹ ಮುಗ್ಗರಿಸುತ್ತದೆ. ದೂರಕ್ಕೂ ಓದಿಗೂ ಒಂದೇ ಕನ್ನಡಕ ಧರಿಸುವ ಹಿರಿಯರಿಗೆ, ಗಾಜಿನ ಕೆಳಭಾಗವು ಸಮೀಪದ ಓದಿಗೆಂದು ಇರುವುದರಿಂದ, ಕೆಳಗಿನ ಮೆಟ್ಟಿಲಿನ ಅಂಚು ಮಸುಕಾಗಿ ಕಾಣುತ್ತದೆ. ಅವರು ಇಳಿಯುವಾಗ ತಲೆಯನ್ನು ಎಷ್ಟು ಬಗ್ಗಿಸುತ್ತಾರೆ ಎಂಬುದನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳಿರಿ.